ರಕ್ತದಾನದ ಅರ್ಹತೆ

ದಾನವೆಂಬ ಮಾತು ಈ ನಾಡಿಗೆ ಹೊಸದಲ್ಲ. ಅನ್ನದಾನ, ವಿದ್ಯಾದಾನ, ಗೋದಾನ, ಭೂದಾನ ಎಂದು ದಾನಗಳ ಪಟ್ಟಿ ಬಹು ಉದ್ದವಾಗಿ ಬೆಳೆದಿದೆ. ಪಾರಿವಾಳವೊಂದನ್ನು ಗಿಡುಗನಿಂದ ಉಳಿಸುವುದಕ್ಕಾಗಿ ತನ್ನ ಮೈಯ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕಿದ ಶಿಬಿ ಚಕ್ರವರ್ತಿಯ ಕಥೆಯನ್ನೂ, ವಜ್ರಾಯುಧಕ್ಕಾಗಿ ತನ್ನ ಎಲುಬುಗಳನ್ನೇ ಒಪ್ಪಿಸಿದ ದಧೀಚಿಯ ಕಥೆಯನ್ನೂ ಕೇಳದ ಮಕ್ಕಳು ವಿರಳ. ದಾನದ ಮಹಿಮೆಯನ್ನು ಹೀಗೆ ಹೊಗಳಿದ ಹಿರಿಯರು ಅದರೊಡನೆ ಒಂದು ಎಚ್ಚರಿಕೆಯನ್ನೂ ಹೇಳುತ್ತ ಬಂದರು: ಕೊಡುವ ಮುನ್ನ ಪಡೆಯುವವನು ಎಂಥವನೆಂದು ನೋಡಬೇಕು, ಅಪಾತ್ರನಿಗೆ ಕೊಟ್ಟ ದಾನ ಬೂದಿಯಲ್ಲಿ ಹೋಮ ಮಾಡಿದಂತೆ. ಪರೀಕ್ಷೆಗೆ ಒಳಗಾಗುತ್ತಿದ್ದವನು ಯಾವಾಗಲೂ ಕೈಯೊಡ್ಡಿ ನಿಂತವನೇ. ಕೊಡುವವನ ಬಳಿ ವಸ್ತುವಿದ್ದು ಕೊಡುವ ಮನಸ್ಸೂ ಇದ್ದರೆ ಅವನ ಪಾತ್ರತೆಯನ್ನು ಯಾರೂ ಅಷ್ಟಾಗಿ ವಿಚಾರಿಸುತ್ತಿರಲಿಲ್ಲ.

ರಕ್ತದಾನವು ಈ ಕ್ರಮವನ್ನು ತಲೆಕೆಳಗು ಮಾಡಿದೆ. ಇಲ್ಲಿ ಪಡೆಯುವವನಿಗೆ ಯಾವ ಅರ್ಹತೆಯೂ ಬೇಕಿಲ್ಲ. ಅವನು ಸಜ್ಜನನೋ ದುರ್ಜನನೋ, ಸಾಲಗಾರನೋ ಸಾಹುಕಾರನೋ, ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿರುವವನನ್ನು ಯಾರೂ ಕೇಳುವುದಿಲ್ಲ. ಪ್ರಶ್ನೆಗಳೆಲ್ಲ ಕೊಡುವವನಿಗೆ. ಅವನನ್ನು ತೂಗಿ, ಬೆರಳು ಚುಚ್ಚಿ, ನಾಡಿ ಹಿಡಿದು, ಹಿಂದಿನ ಕಾಯಿಲೆಗಳನ್ನೆಲ್ಲ ವಿಚಾರಿಸಿ, ಕಡೆಗೆ 'ನಿಮ್ಮ ರಕ್ತ ಇಂದು ಬೇಡ' ಎಂದು ಹಿಂದಕ್ಕೆ ಕಳುಹಿಸುವುದೂ ಉಂಟು. ಸದುದ್ದೇಶದಿಂದ ಬಂದವನಿಗೆ ಇದರಿಂದ ಮುಖಭಂಗವಾಗುವುದು ಸಹಜ. ಆದರೆ ಈ ನಿರಾಕರಣೆಯಲ್ಲಿ ಅವಮಾನವಿಲ್ಲ. ಇದರ ಒಳಗುಟ್ಟನ್ನು ಅರಿತವನು ಮಾತ್ರ ಒಳ್ಳೆಯ ದಾನಿಯಾಗಬಲ್ಲ.

ಭಾರತದಲ್ಲಿ ರಕ್ತವನ್ನು ಕೊಡಲು ಹದಿನೆಂಟು ವರ್ಷ ತುಂಬಿರಬೇಕು, ಅರವತ್ತೈದು ದಾಟಿರಬಾರದು. ಮೊದಲ ಬಾರಿ ಕೊಡುವವರಿಗೆ ಈ ಮಿತಿ ಅರವತ್ತು. ದೇಹದ ತೂಕ ಕನಿಷ್ಠ 45 ಕಿಲೋಗ್ರಾಂ ಇರಬೇಕು. ಒಂದು ಡೆಸಿಲೀಟರ್, ಎಂದರೆ ನೂರು ಮಿಲಿಲೀಟರ್ ರಕ್ತದಲ್ಲಿ 12.5 ಗ್ರಾಮಿಗೆ ಕಡಿಮೆಯಿಲ್ಲದಷ್ಟು ಹಿಮೋಗ್ಲೋಬಿನ್ ಇರಬೇಕು. ಒಮ್ಮೆ ಕೊಟ್ಟ ಗಂಡಸು ಮತ್ತೆ ಕೊಡಲು 90 ದಿನಗಳೂ, ಹೆಂಗಸು 120 ದಿನಗಳೂ ಕಾಯಬೇಕು. ಹೊಟ್ಟೆ ಹಸಿದಿರುವಾಗ, ರಾತ್ರಿಯೆಲ್ಲ ನಿದ್ರೆಗೆಟ್ಟಿರುವಾಗ ಕೊಡಬಾರದು. ಉಪವಾಸದ ದಿನ ರಕ್ತದಾನ ಮಾಡಿದರೆ ಎರಡು ಪುಣ್ಯ ಒಟ್ಟಿಗೆ ಬರುತ್ತದೆಂದು ಎಣಿಸುವವರನ್ನು ವೈದ್ಯರು ಊಟ ಮಾಡಿ ಬನ್ನಿ ಎಂದು ಕಳುಹಿಸುತ್ತಾರೆ.

ಈ ಅಂಕಿಗಳು ಯಾವುದೋ ಕಚೇರಿಯಲ್ಲಿ ಕುಳಿತು ಮನಸ್ಸಿಗೆ ಬಂದಂತೆ ಬರೆದವಲ್ಲ. ತೂಕದ ನಿಯಮವನ್ನೇ ನೋಡಬಹುದು. ವಯಸ್ಕನ ದೇಹದಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 70 ಮಿಲಿಲೀಟರ್ ರಕ್ತವಿರುತ್ತದೆ. ಅದರಲ್ಲಿ ಕಿಲೋಗ್ರಾಮಿಗೆ ಸುಮಾರು 8 ಮಿಲಿಲೀಟರಿನಷ್ಟನ್ನು ತೆಗೆದರೆ ಆರೋಗ್ಯವಂತನಿಗೆ ಬಾಧೆಯಿಲ್ಲ. ಆದುದರಿಂದಲೇ 45 ಕಿಲೋಗ್ರಾಂ ತೂಗುವವರಿಂದ 350 ಮಿಲಿಲೀಟರನ್ನೂ, 55ಕ್ಕೂ ಹೆಚ್ಚು ತೂಗುವವರಿಂದ 450 ಮಿಲಿಲೀಟರನ್ನೂ ತೆಗೆದುಕೊಳ್ಳುವ ಪದ್ಧತಿ ಬಂದಿತು. ಹೀಗೆ ಕಳೆದುಕೊಂಡ ದ್ರವಭಾಗವನ್ನು ದೇಹವು ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ರಕ್ತಕಣಗಳು ಮತ್ತೆ ಹುಟ್ಟಲು ಕೆಲವು ವಾರಗಳು ಬೇಕು. ಅವಕ್ಕೆ ಬೇಕಾದ ಕಬ್ಬಿಣದ ಸಂಗ್ರಹ ಭರ್ತಿಯಾಗಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ರಕ್ತ ಕೊಟ್ಟರೆ ಶಕ್ತಿ ಉಡುಗಿ ಹೋಗುತ್ತದೆ, ಮತ್ತೆ ಎಂದೂ ಮೊದಲಿನಂತಾಗುವುದಿಲ್ಲ ಎಂಬ ಭಯ ಅನೇಕ ಮನೆಗಳಲ್ಲಿದೆ. ಕೆಂಪು ಕಣದ ಆಯುಸ್ಸೇ ಸುಮಾರು 120 ದಿನಗಳೆಂಬುದನ್ನು ತಿಳಿದರೆ ಈ ಭಯ ನಿಲ್ಲಲಾರದು. ಯಾರಿಗೂ ಕೊಡದೆ ಕಾಪಾಡಿಕೊಂಡ ರಕ್ತವೂ ನಾಲ್ಕು ತಿಂಗಳಲ್ಲಿ ತಾನಾಗಿಯೇ ಸವೆದು ಹೊಸದಕ್ಕೆ ಎಡೆಮಾಡಿಕೊಡುತ್ತದೆ.

ಇವು ಕೊಡುವವನ ರಕ್ಷಣೆಗಾಗಿ ಇರುವ ನಿಯಮಗಳು. ಪಡೆಯುವವನ ರಕ್ಷಣೆಗಾಗಿ ಇರುವವು ಬೇರೆ. ಮಲೇರಿಯಾ ಬಂದು ವಾಸಿಯಾದವರು ಮೂರು ತಿಂಗಳು, ವಿಷಮಶೀತಜ್ವರದಿಂದ ಗುಣವಾದವರು ಒಂದು ವರ್ಷ ಕಾಯಬೇಕು. ಹುಚ್ಚುನಾಯಿ ಕಡಿತಕ್ಕೆ ಚುಚ್ಚುಮದ್ದು ತೆಗೆದುಕೊಂಡವರೂ, ದೊಡ್ಡ ಶಸ್ತ್ರಕ್ರಿಯೆ ಮಾಡಿಸಿಕೊಂಡವರೂ ಹಾಗೆಯೇ ಒಂದು ವರ್ಷ ಕಾಯಬೇಕು. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡು ಬಂದ ತರುಣನಿಗೂ ಒಂದು ವರ್ಷದ ತಡೆಯುಂಟು. ಒಂದೇ ಸೂಜಿ ಹಲವರ ಚರ್ಮವನ್ನು ಹೊಕ್ಕು ಬಂದಿರಬಹುದೆಂಬ ಅನುಮಾನವೇ ಅದಕ್ಕೆ ಕಾರಣ. ಇನ್ನು ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಕೊಡುವಂತಿಲ್ಲ; ಹೆರಿಗೆಯ ಅನಂತರ ಒಂದು ವರ್ಷ ಕಳೆಯಬೇಕು. ಹೃದ್ರೋಗ, ಮೂರ್ಛೆರೋಗ, ಕ್ಯಾನ್ಸರ್ ಇರುವವರು, ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಧುಮೇಹಿಗಳು ಎಂದಿಗೂ ಕೊಡಬಾರದು.

ತೆಗೆದ ರಕ್ತವನ್ನು ಎಚ್.ಐ.ವಿ., ಕಾಮಾಲೆಯನ್ನು ತರುವ ಬಿ ಮತ್ತು ಸಿ ವೈರಸ್‌ಗಳು, ಸಿಫಿಲಿಸ್, ಮಲೇರಿಯಾ ಇವುಗಳಿಗಾಗಿ ಪರೀಕ್ಷಿಸಿಯೇ ರೋಗಿಗೆ ಕೊಡುತ್ತಾರೆ. ಹಾಗಿದ್ದ ಮೇಲೆ ದಾನಿಯನ್ನು ಇಷ್ಟೊಂದು ಪ್ರಶ್ನೆ ಕೇಳುವುದೇಕೆ ಎಂಬ ಸಂದೇಹ ಬುದ್ಧಿವಂತ ವಿದ್ಯಾರ್ಥಿಗೆ ಬಂದೀತು. ಬರಬೇಕಾದ ಸಂದೇಹವೇ ಅದು. ರೋಗಾಣು ದೇಹವನ್ನು ಹೊಕ್ಕ ಮರುದಿನವೇ ಯಾವ ಪರೀಕ್ಷೆಯೂ ಅದನ್ನು ಕಂಡುಹಿಡಿಯಲಾರದು. ರೋಗಾಣುವಿನ ಸಂಖ್ಯೆ ಹೆಚ್ಚಿ, ಅದಕ್ಕೆ ಪ್ರತಿಯಾಗಿ ದೇಹವು ಪ್ರತಿಕಾಯಗಳನ್ನು ನಿರ್ಮಿಸಿಕೊಳ್ಳುವವರೆಗೆ ಕೆಲವು ದಿನಗಳೋ ಕೆಲವು ವಾರಗಳೋ ಕಳೆಯುತ್ತವೆ. ಈ ಅವಧಿಯಲ್ಲಿ ರಕ್ತವು ಸೋಂಕುಳ್ಳದ್ದಾಗಿದ್ದರೂ ಪರೀಕ್ಷೆಯಲ್ಲಿ ನಿರ್ದೋಷಿಯೆಂದೇ ತೋರುತ್ತದೆ. ಈಚಿನ ಸೂಕ್ಷ್ಮ ಪರೀಕ್ಷೆಗಳು ಈ ಕುರುಡು ಅವಧಿಯನ್ನು ಬಹಳ ಮಟ್ಟಿಗೆ ತಗ್ಗಿಸಿವೆ, ಪೂರ್ತಿಯಾಗಿ ಅಳಿಸಿಲ್ಲ. ಯಂತ್ರದ ಕಣ್ಣು ತಲುಪದ ಆ ಕೆಲವು ದಿನಗಳಲ್ಲಿ ರೋಗಿಯನ್ನು ಕಾಯುವುದು ದಾನಿಯ ಸತ್ಯವಚನವೊಂದೇ.

ದಾನಿಯ ಅರ್ಹತೆಗಳಲ್ಲಿ ಅತಿ ಮುಖ್ಯವಾದದ್ದು ಯಾವ ತಕ್ಕಡಿಗೂ ಸಿಕ್ಕದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಶಿಬಿರಕ್ಕೆ ಗೆಳೆಯರ ಗುಂಪಿನೊಡನೆ ಬಂದ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಮುದ್ರಿತ ಪ್ರಶ್ನಾವಳಿಯ ಒಂದು ಪ್ರಶ್ನೆಗೆ ಅವನ ನಿಜವಾದ ಉತ್ತರ 'ಹೌದು' ಎಂದು. ಹಾಗೆ ಬರೆದರೆ ಹೊರಗೆ ಹೋಗಬೇಕು; ಹೊರಗೆ ಹೋದರೆ ಗೆಳೆಯರು ಏಕೆಂದು ಕೇಳುತ್ತಾರೆ. ಅವನು ನಾಚಿಕೆಗೆ ಅಂಜಿ 'ಇಲ್ಲ' ಎಂದು ಬರೆಯುತ್ತಾನೆ. ಅವನು ದುಷ್ಟನಲ್ಲ, ಬಹುಶಃ ಆ ಗುಂಪಿನಲ್ಲಿ ಎಲ್ಲರಿಗಿಂತ ಮೃದು ಸ್ವಭಾವದವನೇ ಇರಬಹುದು. ಆದರೆ ಅವನು ಬರೆದ ಆ ಎರಡಕ್ಷರದ ಫಲವನ್ನು ಉಣ್ಣುವವರು ಅವನ ಹೆಸರನ್ನೂ ಕೇಳದ ಯಾರೋ ಬಾಣಂತಿ, ಯಾವುದೋ ಮಗು. ಆದಕಾರಣ ಸ್ನೇಹಿತರನ್ನು ಒತ್ತಾಯದಿಂದ ಎಳೆತರುವುದು, ಹಿಂದೆ ಸರಿದವನನ್ನು ಹೇಡಿಯೆಂದು ಹಂಗಿಸುವುದು ಸೇವೆಯಲ್ಲ, ಅಪಾಯ. ಪ್ರಶ್ನೆ ಕೇಳುವವರೂ ಪ್ರತಿಯೊಬ್ಬನನ್ನು ಪ್ರತ್ಯೇಕವಾಗಿ ಕೂರಿಸಿ, ಹೇಳಿದ್ದನ್ನು ಗುಟ್ಟಾಗಿಡುವ ಏರ್ಪಾಡನ್ನು ಮಾಡಬೇಕು. ಶಾಮಿಯಾನದ ಕೆಳಗೆ ನೂರು ಜನರ ನಡುವೆ ಗಟ್ಟಿಯಾಗಿ ಕೇಳಿದರೆ ಸತ್ಯ ಹೊರಬಾರದು.

ಸತ್ಯ ಹೇಳುವವನು ಬೇಕೆಂದರೆ ಸುಳ್ಳು ಹೇಳುವುದರಿಂದ ಲಾಭವಿರಬಾರದು. ರಕ್ತಕ್ಕೆ ಬೆಲೆ ಕಟ್ಟಬಾರದೆಂಬ ವಾದದ ತಿರುಳು ಇದೇ. ಹಣಕ್ಕಾಗಿ ರಕ್ತ ಕೊಡುವ ಬಡವನು ತನಗೆ ಕಾಮಾಲೆ ಬಂದಿತ್ತೆಂದು ಏಕೆ ಹೇಳಿಯಾನು? ಹೇಳಿದರೆ ಅವನ ಅಂದಿನ ಊಟ ಹೋಗುತ್ತದೆ. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ರಿಚರ್ಡ್ ಟಿಟ್ಮಸ್ 1970ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಜನರು ಪುಕ್ಕಟೆಯಾಗಿ ರಕ್ತ ಕೊಡುತ್ತಿದ್ದ ಬ್ರಿಟನ್ನಿನ ಪದ್ಧತಿಯನ್ನು ರಕ್ತದ ವ್ಯಾಪಾರವೂ ನಡೆಯುತ್ತಿದ್ದ ಅಮೆರಿಕದ ಪದ್ಧತಿಯೊಡನೆ ಹೋಲಿಸಿದರು. ಕೊಂಡ ರಕ್ತಕ್ಕಿಂತ ಕೊಟ್ಟ ರಕ್ತವೇ ಹೆಚ್ಚು ಸುರಕ್ಷಿತವೆಂಬುದು ಅವರ ನಿರ್ಣಯವಾಗಿತ್ತು. ಭಾರತದಲ್ಲಿಯೂ ಬಹುಕಾಲ ದೊಡ್ಡ ಆಸ್ಪತ್ರೆಗಳ ಬಾಗಿಲಲ್ಲಿ ರಕ್ತ ಮಾರುವವರು ಕಾದಿರುತ್ತಿದ್ದರು. ಒಂದೇ ತಿಂಗಳಲ್ಲಿ ಬೇರೆ ಬೇರೆ ಹೆಸರಿನಿಂದ ಹಲವು ಕಡೆ ಕೊಟ್ಟು, ಬಣ್ಣಗೆಟ್ಟು, ಕಡೆಗೆ ನೀರಿನಂಥ ರಕ್ತವನ್ನು ಮಾರಿದವರು ಅವರಲ್ಲಿದ್ದರು. ಸರ್ವೋಚ್ಚ ನ್ಯಾಯಾಲಯವು 1996ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಈ ವೃತ್ತಿಯನ್ನು ಎರಡು ವರ್ಷಗಳೊಳಗೆ ಕೊನೆಗಾಣಿಸಬೇಕೆಂದು ಆದೇಶಿಸಿತು. ಅದರಂತೆ 1998ರ ಜನವರಿ 1ರಿಂದ ರಕ್ತವನ್ನು ಹಣಕ್ಕೆ ಮಾರುವುದು ನಿಷಿದ್ಧವಾಯಿತು.

ಕಾನೂನು ಮುಂಬಾಗಿಲನ್ನು ಮುಚ್ಚಿದರೂ ಹಿತ್ತಿಲ ಬಾಗಿಲು ಒಂದಿದೆ. ರೋಗಿಗೆ ರಕ್ತ ಬೇಕಾದಾಗ ಅವನ ಮನೆಯವರೇ ಅಷ್ಟು ರಕ್ತವನ್ನು ಕೊಟ್ಟು ತುಂಬಬೇಕೆಂದು ಅನೇಕ ಕಡೆ ಕೇಳುವ ರೂಢಿಯುಂಟು. ಹಳ್ಳಿಯಿಂದ ರೋಗಿಯೊಡನೆ ಬಂದವರು ಇಬ್ಬರೋ ಮೂವರೋ ಇರುತ್ತಾರೆ. ಒಬ್ಬರಿಗೆ ವಯಸ್ಸಾಗಿರುತ್ತದೆ, ಒಬ್ಬಾಕೆಗೆ ರಕ್ತ ಸಾಲದು, ಇನ್ನೊಬ್ಬನಿಗೆ ಭಯ. ಆಗ ಎಲ್ಲಿಂದಲೋ ಬಂದವನೊಬ್ಬನು ರೋಗಿಯ ಸೋದರಮಾವನ ಮಗನೆಂದು ಹೇಳಿಕೊಂಡು ರಕ್ತ ಕೊಡುತ್ತಾನೆ, ಮರೆಯಲ್ಲಿ ಹಣ ಕೈಬದಲಾಗುತ್ತದೆ. ಸಂಕಟದಲ್ಲಿರುವ ಮನೆಯವರನ್ನು ಇದಕ್ಕಾಗಿ ದೂಷಿಸುವುದು ಸುಲಭ, ನ್ಯಾಯವಲ್ಲ. ರಕ್ತನಿಧಿಯ ಕಪಾಟಿನಲ್ಲಿ ರಕ್ತ ಮೊದಲೇ ಸಿದ್ಧವಾಗಿದ್ದರೆ ಅವರನ್ನು ಯಾರೂ ಕೇಳಬೇಕಾಗಿಯೇ ಇರಲಿಲ್ಲ. ಅದನ್ನು ಮೊದಲೇ ತುಂಬಿಡಬೇಕಾದವರು ಊರಿನ ಆರೋಗ್ಯವಂತರು, ಅದೂ ತಮ್ಮವರಾರಿಗೂ ಕಾಯಿಲೆಯಿಲ್ಲದಿರುವಾಗ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಪ್ರಯೋಜನ?

ಮೊದಲೇ ತುಂಬಿಡುವುದೆಂದರೆ ಒಂದೇ ದಿನ ತುಂಬಿಡುವುದೆಂದಲ್ಲ. ರಕ್ತವು ಧಾನ್ಯದಂತೆ ಕಣಜದಲ್ಲಿ ಉಳಿಯುವ ವಸ್ತುವಲ್ಲ. ಎರಡರಿಂದ ಆರು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೂ ಸಾಮಾನ್ಯವಾಗಿ 35 ದಿನಗಳು, ವಿಶೇಷ ದ್ರಾವಣದಲ್ಲಿಟ್ಟ ಕೆಂಪು ಕಣಗಳು 42 ದಿನಗಳು ಬಾಳುತ್ತವೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುತಟ್ಟೆಗಳ ಬಾಳು ಐದೇ ದಿನ. ಮುಖಂಡರೊಬ್ಬರ ಹುಟ್ಟುಹಬ್ಬದಂದು ನೂರಾರು ಜನರನ್ನು ಸಾಲಾಗಿ ಮಲಗಿಸಿ, ದಾಖಲೆ ಮಾಡಿದೆವೆಂದು ಪತ್ರಿಕೆಯಲ್ಲಿ ಚಿತ್ರ ಹಾಕಿಸಿಕೊಳ್ಳುವ ಶಿಬಿರಗಳನ್ನು ಈ ದೃಷ್ಟಿಯಿಂದ ನೋಡಬೇಕು. ಆ ವಾರ ಕಪಾಟು ತುಂಬಿ ತುಳುಕುತ್ತದೆ; ಅಷ್ಟೂ ಜನ ಮುಂದಿನ ಮೂರು ತಿಂಗಳು ಕೊಡುವಂತಿಲ್ಲ. ಉಪಯೋಗವಾಗದ ರಕ್ತವನ್ನು ಅವಧಿ ಮೀರಿದ ಮೇಲೆ ಚೆಲ್ಲಬೇಕಾಗುತ್ತದೆ. ಇತ್ತ ಬೇಸಗೆಯ ರಜೆಯಲ್ಲಿ ಕಾಲೇಜುಗಳು ಮುಚ್ಚಿದಾಗ ಶಿಬಿರಗಳೂ ನಿಂತು ಕಪಾಟು ಬರಿದಾಗುತ್ತದೆ. ಥಲಸ್ಸೀಮಿಯಾ ಎಂಬ ಹುಟ್ಟುರೋಗದ ಮಕ್ಕಳಿಗಾದರೋ ಎರಡು ವಾರದಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಬೇಕು. ಅವರ ಕಾಯಿಲೆಗೆ ರಜೆಯಿಲ್ಲ. ಹುಟ್ಟುಹಬ್ಬದ ಆ ನೂರಾರು ಜನರು ವರ್ಷದುದ್ದಕ್ಕೂ ಹಂಚಿಕೊಂಡು, ವಾರಕ್ಕೆ ಹತ್ತು ಜನರಂತೆ, ಯಾವ ಚಿತ್ರವೂ ಇಲ್ಲದೆ ಬಂದುಹೋದರೆ ಉಪಕಾರವು ಎಷ್ಟೋ ಹೆಚ್ಚಾಗುತ್ತಿತ್ತು.

ಅರ್ಹತೆಯ ವಿಚಾರದಲ್ಲಿ ಮನುಷ್ಯರು ಎಡವಿದ ಉದಾಹರಣೆಗಳೂ ಚರಿತ್ರೆಯಲ್ಲಿವೆ. 1667ರಲ್ಲಿ ಪ್ಯಾರಿಸ್ಸಿನ ವೈದ್ಯ ಝಾನ್ ಬಾಪ್ಟಿಸ್ಟ್ ದೆನಿ ಎಂಬವನು ಜ್ವರದಿಂದ ನರಳುತ್ತಿದ್ದ ಹದಿನೈದರ ಹುಡುಗನೊಬ್ಬನಿಗೆ ಕುರಿಮರಿಯ ರಕ್ತವನ್ನು ಏರಿಸಿದನು. ಹುಡುಗನು ಹೇಗೋ ಬದುಕಿಕೊಂಡನು. ಮುಂದೆ ಅಂಥದೇ ಚಿಕಿತ್ಸೆ ಪಡೆದ ಬೇರೊಬ್ಬ ರೋಗಿ ಸತ್ತು, ಮೊಕದ್ದಮೆಯಾಗಿ, ಫ್ರಾನ್ಸಿನಲ್ಲಿ ಆ ಪ್ರಯೋಗಗಳು ನಿಂತವು. ಮನುಷ್ಯನಿಗೆ ಮನುಷ್ಯನ ರಕ್ತವೇ ಆಗಬೇಕೆಂದು ತಿಳಿದು ಲಂಡನ್ನಿನ ಜೇಮ್ಸ್ ಬ್ಲಂಡೆಲ್ ಅದನ್ನು ಪ್ರಯೋಗಿಸಿದ್ದು 1818ರಲ್ಲಿ. ಮನುಷ್ಯರ ರಕ್ತವೂ ಎಲ್ಲರಿಗೂ ಹೊಂದದು, ಅದರಲ್ಲಿ ಗುಂಪುಗಳಿವೆ ಎಂದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿಕೊಟ್ಟರು. ಅಲ್ಲಿಯವರೆಗಿನ ತಪ್ಪುಗಳು ಅಜ್ಞಾನದಿಂದ ಆದವು, ಅವನ್ನು ಕ್ಷಮಿಸಬಹುದು. ಎಲ್ಲವನ್ನೂ ತಿಳಿದ ಮೇಲೆ ಆದ ತಪ್ಪು ಒಂದುಂಟು.

ಚಾರ್ಲ್ಸ್ ಡ್ರೂ ಅಮೆರಿಕದ ಕಪ್ಪು ಜನಾಂಗಕ್ಕೆ ಸೇರಿದ ಶಸ್ತ್ರವೈದ್ಯ. 1904ರಲ್ಲಿ ಹುಟ್ಟಿದ ಅವರು ರಕ್ತವನ್ನು ಕೆಡದಂತೆ ಸಂಗ್ರಹಿಸಿಡುವ ವಿಷಯದಲ್ಲಿಯೇ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದಿದ್ದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಬಾಂಬುಗಳ ಮಳೆಗೆ ತುತ್ತಾಗಿದ್ದಾಗ, ನ್ಯೂಯಾರ್ಕಿನ ಜನರಿಂದ ರಕ್ತ ಪಡೆದು ಅದರ ಪ್ಲಾಸ್ಮಾವನ್ನು ಹಡಗಿನಲ್ಲಿ ಬ್ರಿಟನ್ನಿಗೆ ಕಳುಹಿಸುವ ಯೋಜನೆಯ ವೈದ್ಯಕೀಯ ಹೊಣೆಯನ್ನು 1940ರಲ್ಲಿ ಅವರಿಗೆ ವಹಿಸಲಾಯಿತು. ಮರುವರ್ಷ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ತನ್ನ ಸೈನಿಕರಿಗಾಗಿ ಆರಂಭಿಸಿದ ರಕ್ತನಿಧಿಯ ಕೆಲಸದಲ್ಲಿಯೂ ಅವರು ಮುಂದಾಳಾಗಿದ್ದರು. ಆ ಸಂಸ್ಥೆಯ ಅಂದಿನ ನಿಯಮವಾದರೋ ಕಪ್ಪು ಜನರ ರಕ್ತವನ್ನು ಸ್ವೀಕರಿಸಕೂಡದೆಂಬುದಾಗಿತ್ತು. ಎಂದರೆ, ರಕ್ತಸಂಗ್ರಹದ ವಿದ್ಯೆಯನ್ನು ಅವರಿಗೆ ಕಲಿಸಿಕೊಟ್ಟವರ ರಕ್ತವೇ ಅವರಿಗೆ ಬೇಡವಾಗಿತ್ತು. ಪ್ರತಿಭಟನೆ ಹೆಚ್ಚಿದಾಗ 1942ರಲ್ಲಿ ನಿಯಮವನ್ನು ಸಡಿಲಿಸಿ, ಕಪ್ಪು ಜನರ ರಕ್ತವನ್ನು ಪಡೆಯಲು ಒಪ್ಪಿದರು. ಆದರೆ ಅದನ್ನು ಬೇರೆಯಾಗಿಯೇ ಇಟ್ಟು ಕಪ್ಪು ಜನರಿಗೇ ಕೊಡತಕ್ಕದ್ದೆಂದು ಗೊತ್ತುಮಾಡಿದರು. ಇದಕ್ಕೆ ವಿಜ್ಞಾನದ ಆಧಾರವೇನೂ ಇಲ್ಲವೆಂದು ಡ್ರೂ ಖಂಡಿಸಿದರು. ಸಂಸ್ಥೆಯು ಈ ಭೇದವನ್ನು ಕೈಬಿಟ್ಟದ್ದು 1950ರಲ್ಲಿ. ಅದೇ ವರ್ಷ ಏಪ್ರಿಲ್ 1ರಂದು ಡ್ರೂ ಮೋಟಾರು ಅಪಘಾತದಲ್ಲಿ ತೀರಿಕೊಂಡರು.

ಈ ವೃತ್ತಾಂತವನ್ನು ದೂರದೇಶದ ಮಾತೆಂದು ಓದಿ ಮುಂದೆ ಹೋಗುವಂತಿಲ್ಲ. ಒಂದೇ ಬಾವಿಯ ನೀರನ್ನು ಹಂಚಿಕೊಳ್ಳಲು ಒಪ್ಪದ ಊರುಗಳನ್ನು ಕಂಡ ನಾಡು ಇದು. ಆಸ್ಪತ್ರೆಯ ಕಪಾಟಿನಲ್ಲಿರುವ ಚೀಲದ ಮೇಲೆ ರಕ್ತದ ಗುಂಪು, ಸಂಗ್ರಹದ ದಿನಾಂಕ, ಅವಧಿ ಮುಗಿಯುವ ದಿನಾಂಕ ಇರುತ್ತವೆ. ದಾನಿಯ ಜಾತಿಯನ್ನು ಬರೆಯಲು ಅಲ್ಲಿ ಜಾಗವಿಲ್ಲ. ಯಾರದೆಂದು ಕೇಳದೆ ಆ ರಕ್ತವನ್ನು ಏರಿಸಿಕೊಂಡು ಬದುಕಿ ಬಂದವನು, ಮನೆಗೆ ಹಿಂದಿರುಗಿದ ಮೇಲೆ ಯಾರ ಕೈಯ ನೀರು ಕುಡಿಯಬೇಕು, ಯಾರದನ್ನು ಕುಡಿಯಬಾರದು ಎಂದು ವಿಚಾರಿಸುವುದಾದರೆ ಅದಕ್ಕಿಂತ ವಿಚಿತ್ರವಾದದ್ದು ಬೇರೆ ಯಾವುದು? ದಾನಿಯನ್ನು ತಡೆಯಲು ನ್ಯಾಯವಾದ ಕಾರಣಗಳು ಎರಡೇ: ಅವನಿಗೆ ಕೆಡುಕಾದೀತು, ಇಲ್ಲವೇ ರೋಗಿಗೆ ಕೆಡುಕಾದೀತು. ಈ ಎರಡಕ್ಕೂ ಸೇರದ ನಿಯಮವೊಂದು ಎಲ್ಲಿಯಾದರೂ ಕಂಡರೆ ಅದು ನಿಯಮದ ವೇಷ ತೊಟ್ಟ ಪೂರ್ವಗ್ರಹವೆಂದೇ ತಿಳಿಯಬೇಕು.

ಇನ್ನೊಂದು ಬಗೆಯ ಅನರ್ಹತೆಯುಂಟು. ಅದು ನ್ಯಾಯವಾದದ್ದೇ ಆದರೂ ಹೆಚ್ಚು ನೋವಿನದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರ್ಷಗಳೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಗಂಡಸರಲ್ಲಿ ಈ ಪ್ರಮಾಣ ನೂರಕ್ಕೆ 25. ಕಾಲೇಜಿನ ಶಿಬಿರಕ್ಕೆ ಉತ್ಸಾಹದಿಂದ ಬಂದ ಹುಡುಗಿಯರಲ್ಲಿ ಎಷ್ಟೋ ಮಂದಿ ಬೆರಳು ಚುಚ್ಚಿಸಿಕೊಂಡು, ಹಿಮೋಗ್ಲೋಬಿನ್ ಸಾಲದೆಂದು ಹಿಂದಿರುಗುತ್ತಾರೆ. ತಿಂಗಳು ತಿಂಗಳೂ ರಕ್ತ ಕಳೆದುಕೊಳ್ಳುವ ದೇಹಕ್ಕೆ ಕಬ್ಬಿಣದ ಅಂಶ ಹೆಚ್ಚಾಗಿ ಬೇಕು. ಎಲ್ಲರೂ ಉಂಡೆದ್ದ ಮೇಲೆ ಮಿಕ್ಕದ್ದನ್ನು ಉಣ್ಣುವ ಪದ್ಧತಿ ಇನ್ನೂ ಎಷ್ಟೋ ಅಡಿಗೆಮನೆಗಳಲ್ಲಿ ಉಳಿದಿದೆ. ಹೀಗೆ ಹಿಂದಿರುಗಿದ ಹುಡುಗಿ ಅನರ್ಹಳಾದದ್ದು ಶಿಬಿರದ ದಿನವಲ್ಲ. ಹತ್ತು ಹನ್ನೆರಡು ವರ್ಷಗಳ ಊಟದಲ್ಲಿ. ಮುಂದೆ ಹೆರಿಗೆಯ ಕಾಲದಲ್ಲಿ ಅಪಾಯಕ್ಕೆ ಸಿಕ್ಕುವವಳೂ ಅವಳೇ, ಅಂದು ಯಾರದೋ ರಕ್ತಕ್ಕಾಗಿ ಕಾಯುವವಳೂ ಅವಳೇ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ರಕ್ತದಾನದ ವಯಸ್ಸು ಬಂದಿಲ್ಲ. ಇನ್ನೂ ನಾಲ್ಕು ವರ್ಷ ಬೇಕು. ಆ ನಾಲ್ಕು ವರ್ಷಗಳ ಪ್ರಾಮುಖ್ಯ ಇಲ್ಲಿಯೇ ಇರುವುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಅಂಶದ ನೀಲಿ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆಂದು ಕಿಟಕಿಯಿಂದಾಚೆಗೆ ಎಸೆಯುವ ಮಕ್ಕಳಿದ್ದಾರೆ. ಊಟದ ಅನಂತರ ನುಂಗಿದರೆ ಆ ತೊಳಸು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಸೊಪ್ಪು, ಹುರುಳಿ, ರಾಗಿ ಇವು ದುಬಾರಿ ಪದಾರ್ಥಗಳಲ್ಲ. ಜೊತೆಗೆ ನಿಂಬೆಹಣ್ಣೋ ನೆಲ್ಲಿಕಾಯೋ ಇದ್ದರೆ ಅವುಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಕುಡಿಯುವ ಚಹಾ ಅದನ್ನು ಹತ್ತಗೊಡದು. ಬರಿಗಾಲಿನಲ್ಲಿ ಹೊಲಗದ್ದೆಗಳಲ್ಲಿ ತಿರುಗುವವರ ಪಾದದ ಮೂಲಕ ಒಳಸೇರುವ ಕೊಕ್ಕೆಹುಳು ಕರುಳಿನಲ್ಲಿ ಕುಳಿತು ರಕ್ತ ಹೀರುತ್ತದೆ. ಜಂತುಹುಳುವಿನ ಮಾತ್ರೆಯನ್ನು ಶಾಲೆಗಳಲ್ಲಿ ಹಂಚುವುದು ಅದಕ್ಕಾಗಿಯೇ. ಇವೆಲ್ಲ ಸಣ್ಣ ಸಂಗತಿಗಳೆಂದು ತೋರಬಹುದು. ಶಿಬಿ ಚಕ್ರವರ್ತಿಯ ಕಥೆಯಂತೆ ಇವನ್ನು ನಾಟಕವಾಡಿಸಲು ಬರುವುದಿಲ್ಲ, ನಿಜ.

ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಈ ವಿಚಾರವಾಗಿ ನಿಶ್ಚಯ ಮಾಡಿದವನೊಬ್ಬನಿದ್ದನು. ಆಸ್ಟ್ರೇಲಿಯಾದಲ್ಲಿ 1936ರ ಡಿಸೆಂಬರಿನಲ್ಲಿ ಹುಟ್ಟಿದ ಜೇಮ್ಸ್ ಹ್ಯಾರಿಸನ್ನನಿಗೆ 1951ರಲ್ಲಿ ಎದೆಯ ದೊಡ್ಡ ಶಸ್ತ್ರಕ್ರಿಯೆಯಾಯಿತು. ಶ್ವಾಸಕೋಶವೊಂದನ್ನು ತೆಗೆಯಬೇಕಾಗಿ ಬಂದ ಆ ಹುಡುಗನು ಮೂರು ತಿಂಗಳು ಆಸ್ಪತ್ರೆಯಲ್ಲಿದ್ದನು. ಅವನನ್ನು ಉಳಿಸಿದ್ದು ಗುರುತು ಪರಿಚಯವಿಲ್ಲದವರು ಕೊಟ್ಟ ರಕ್ತ. ಹದಿನೆಂಟು ತುಂಬಿದೊಡನೆ ತಾನೂ ಕೊಡಬೇಕೆಂದು ಅವನು ಅಲ್ಲಿಯೇ ನಿಶ್ಚಯಿಸಿದನು, 1954ರಲ್ಲಿ ಕೊಡಲಾರಂಭಿಸಿದನು.

ಕೆಲವು ವರ್ಷಗಳ ಮೇಲೆ ಆತನ ರಕ್ತದಲ್ಲಿ ವಿರಳವಾದ ಒಂದು ಗುಣವಿರುವುದು ವೈದ್ಯರಿಗೆ ಕಂಡುಬಂದಿತು. ಆರ್‌ಎಚ್ ಎಂಬ ಅಂಶ ತಾಯಿಯ ರಕ್ತದಲ್ಲಿಲ್ಲದೆ ಗರ್ಭದಲ್ಲಿರುವ ಮಗುವಿನ ರಕ್ತದಲ್ಲಿದ್ದರೆ, ತಾಯಿಯ ದೇಹವು ಅದನ್ನು ಪರಕೀಯವೆಂದೆಣಿಸಿ ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಅನಂತರದ ಮಕ್ಕಳು ಗರ್ಭದಲ್ಲಿಯೇ ಸಾಯುವುದೂ, ಮೆದುಳಿಗೆ ಹಾನಿಯಾಗಿ ಹುಟ್ಟುವುದೂ ಇತ್ತು. ತಾಯಿಗೆ ಸಕಾಲದಲ್ಲಿ ಆಂಟಿ-ಡಿ ಎಂಬ ಮದ್ದನ್ನು ಚುಚ್ಚಿದರೆ ಈ ಅನಾಹುತ ತಪ್ಪುತ್ತದೆ. ಆ ಮದ್ದನ್ನು ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ತಯಾರಿಸುವುದಿಲ್ಲ. ಅಂಥ ಪ್ರತಿಕಾಯಗಳುಳ್ಳ ದಾನಿಗಳ ಪ್ಲಾಸ್ಮಾದಿಂದ ತೆಗೆಯುತ್ತಾರೆ. ಹ್ಯಾರಿಸನ್ನರ ರಕ್ತದಲ್ಲಿ ಅವು ಹೇರಳವಾಗಿದ್ದವು. ಬಹುಶಃ ಬಾಲ್ಯದಲ್ಲಿ ಅವರಿಗೆ ಏರಿಸಿದ್ದ ಆ ಪರರ ರಕ್ತವೇ ಅದಕ್ಕೆ ಕಾರಣವಿರಬಹುದೆಂದು ವೈದ್ಯರು ಊಹಿಸಿದರು. ಪ್ಲಾಸ್ಮಾವನ್ನು ಮಾತ್ರ ತೆಗೆದುಕೊಂಡು ಕಣಗಳನ್ನು ದೇಹಕ್ಕೆ ಹಿಂದಿರುಗಿಸುವುದರಿಂದ ಎರಡು ವಾರಗಳಿಗೊಮ್ಮೆ ಕೊಡುವುದು ಸಾಧ್ಯ. ಅವರು ಹಾಗೆಯೇ ಕೊಡುತ್ತ ಹೋದರು. ತಮ್ಮ ಸ್ವಂತ ಮಗಳಿಗೂ ಆ ಮದ್ದು ಬೇಕಾಗಿ ಬಂದಿತು.

2018ರ ಮೇ ತಿಂಗಳಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ವಯೋಮಿತಿಯ ನಿಯಮ ಅವರನ್ನು ತಡೆಯಿತು. ಅಷ್ಟು ಹೊತ್ತಿಗೆ ಅವರು 1,173 ಬಾರಿ ಕೊಟ್ಟಿದ್ದರು. ಇಪ್ಪತ್ತನಾಲ್ಕು ಲಕ್ಷ ಶಿಶುಗಳಿಗೆ ಅವರ ದಾನದಿಂದ ನೆರವಾಯಿತೆಂದು ಆಸ್ಟ್ರೇಲಿಯಾದ ರೆಡ್‌ಕ್ರಾಸ್ ರಕ್ತಸೇವೆ ಅಂದಾಜು ಮಾಡಿದೆ. 2025ರ ಫೆಬ್ರವರಿಯಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಸೂಜಿಯೆಂದರೆ ಅವರಿಗೆ ಮೊದಲಿನಿಂದಲೂ ಹೆದರಿಕೆ. ಕೈಗೆ ಸೂಜಿ ಚುಚ್ಚುವಾಗ ಅವರು ಒಮ್ಮೆಯೂ ಆ ಕಡೆ ನೋಡುತ್ತಿರಲಿಲ್ಲ. ಮಾಡಿನ ಕಡೆಗೋ, ದಾದಿಯರ ಮುಖದ ಕಡೆಗೋ ನೋಡುತ್ತ ಮಾತನಾಡುತ್ತಿದ್ದರು.